ಶುಕ್ರವಾರದ ಬೆಳ್ಳಿ

ಮೊನ್ನೆ ಸಂಜೆ ನಮ್ಮ ಅಡುಗೆಮನೆಯಲ್ಲಿ ಫ್ಲಾಸ್ಕು ಒಡೆಯಿತು. ಒಡೆಯಿತು ಎನ್ನುವುದು ನನ್ನ ಅನುಕೂಲಕ್ಕೆ ಹೇಳುವ ಮಾತು, ಒಡೆದವಳು ನಾನೇ. ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ್ದನ್ನು ಮೊಣಕೈ ತಗುಲಿಸಿ ಬೀಳಿಸಿದೆ. ಹೊರಗಿನ ಪ್ಲಾಸ್ಟಿಕ್ಕಿಗೆ ಏನೂ ಆಗಲಿಲ್ಲ. ತಳದ ಮುಚ್ಚಳ ಕಳಚಿಕೊಂಡು ಒಳಗಿನ ಗಾಜು ಮಾತ್ರ ಪುಡಿಪುಡಿಯಾಗಿ ನೆಲದ ತುಂಬ ಹರಡಿತು. ಫ್ಲಾಸ್ಕಿನ ಗಾಜು ಒಡೆದದ್ದನ್ನು ನೀವೂ ನೋಡಿರುತ್ತೀರಿ. ಲೋಟದ ಗಾಜಿನ ಹಾಗಲ್ಲ ಅದು. ತೀರಾ ತೆಳು, ಒಳಗೆಲ್ಲ ಬೆಳ್ಳಿಯ ಲೇಪ, ಒಂದೊಂದು ಚೂರೂ ಒಂದೊಂದು ಕನ್ನಡಿ. ಅಡುಗೆಮನೆಯ ಬಲ್ಬು ನೂರು ಕಡೆಯಿಂದ ನನ್ನನ್ನೇ ನೋಡುತ್ತಿತ್ತು.

ಪೊರಕೆ ತಂದವಳು ಹಾಗೇ ನಿಂತುಬಿಟ್ಟೆ. ಅಂದು ಶುಕ್ರವಾರ. ಆಗತಾನೆ ದೇವರ ಮುಂದೆ ದೀಪ ಹಚ್ಚಿ ಬಂದಿದ್ದೆ. ದೀಪ ಹಚ್ಚಿದ ಮೇಲೆ ಗುಡಿಸಬಾರದು, ಗುಡಿಸಲೇಬೇಕಾಗಿ ಬಂದರೂ ಕಸವನ್ನು ಆಚೆ ಹಾಕಬಾರದು, ಮೂಲೆಗೆ ಒತ್ತರಿಸಿಟ್ಟು ಬೆಳಿಗ್ಗೆ ಎತ್ತಬೇಕು ಎಂದು ಅಮ್ಮ ಕಲಿಸಿದ್ದು. ನನಗೆ ಅರವತ್ತು ದಾಟಿದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತಿಯಾಗಿದ್ದೇನೆ. ನಮ್ಮ ಹನುಮಂತನಗರದ ಮಹಿಳಾ ಸಮಾಜದಲ್ಲಿ ಮೂಢನಂಬಿಕೆಯ ವಿರುದ್ಧ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೂ ಉಂಟು. ಭಾಷಣ ಬೇರೆ, ಪೊರಕೆ ಬೇರೆ.

"ಫ್ಲಾಸ್ಕಾ?" ಎಂದಳು ಅಕ್ಕ, ನಡುಮನೆಯಿಂದ.

ಸದ್ದಿನಲ್ಲೇ ಗುರುತು ಹಿಡಿದಳು. ಅಕ್ಕನಿಗೆ ಎರಡೂ ಕಣ್ಣು ಕಾಣುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ, ಇಪ್ಪತ್ತು ತುಂಬಿದ ಮೇಲೆ ಹೋದದ್ದು. ಮನೆಯಲ್ಲಿ ಅವಳು ಬರಿಗಾಲಲ್ಲೇ ಓಡಾಡುವುದು. ಚಪ್ಪಲಿ ಹಾಕಿದರೆ ನೆಲ ಎಲ್ಲಿದೆ ಅಂತ ತಿಳಿಯುವುದಿಲ್ಲ ಎನ್ನುತ್ತಾಳೆ. ಅಲ್ಲೇ ಇರು, ಈ ಕಡೆ ಬರಬೇಡ ಎಂದು ಕೂಗಿ ಹೇಳಿದೆ. ಹೇಳಿದೆನೇ ಹೊರತು ಪೊರಕೆ ಅಲ್ಲಾಡಲಿಲ್ಲ. ಒಂದು ಫ್ಲಾಸ್ಕಿನ ಗಾಜಿಗೆ ಇಷ್ಟೇಕೆ ಯೋಚನೆ ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ನಿಮ್ಮನ್ನು ಬಸವನಗುಡಿಯ ನಮ್ಮ ಹಳೆಯ ಮನೆಗೆ ಕರೆದುಕೊಂಡು ಹೋಗಬೇಕು.

ಮನೆ ಎಂದರೆ ದೊಡ್ಡ ಬಂಗಲೆ ಎಂದುಕೊಳ್ಳಬೇಡಿ. ದೊಡ್ಡ ಬಂಗಲೆಯ ಹಿತ್ತಿಲಲ್ಲಿ ಬಾಡಿಗೆಗೆಂದು ಕಟ್ಟಿಸಿದ ಎರಡು ಕೋಣೆ, ಒಂದು ಅಡುಗೆಮನೆ, ಅಂಗಳದಾಚೆ ಬಚ್ಚಲು. ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಮಾಗಡಿ ಕಡೆಯ ಹಳ್ಳಿಯಿಂದ ಬಂದವರು. ಊರಿನಲ್ಲಿ ಅಮ್ಮನ ಒಬ್ಬನೇ ಅಣ್ಣನನ್ನು ಹೆಂಡ ತಿಂದು ಮುಗಿಸಿತ್ತು. ಹಾಗಾಗಿ ಅಕ್ಕ ಬಿ.ಎಸ್‌ಸಿ. ಸೇರಿ, ಒಂದು ದಿನ ಅಂಗಳದಲ್ಲಿ ಕೂತು ಆಲ್ಕೊಹಾಲಿನ ಪಾಠವನ್ನು ಗಟ್ಟಿಯಾಗಿ ಓದತೊಡಗಿದಾಗ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಿದ್ದರು. ಫೀಜು ಕಟ್ಟಿ ಓದಿಸುವುದು ಇದನ್ನೇನು ಎಂದು ಅವರ ಪ್ರಶ್ನೆ. ಹೆಂಡ ಬೇರೆ, ಆಲ್ಕೊಹಾಲ್ ಬೇರೆ, ಅದೊಂದು ದೊಡ್ಡ ಮನೆತನ, ಹೆಂಡದಲ್ಲಿರುವುದು ಆ ಮನೆತನದ ಒಬ್ಬ ಮಗ ಅಷ್ಟೇ ಎಂದು ಅಕ್ಕ ತಿಳಿಹೇಳಿದಳು. ಒಬ್ಬ ಸಾಕಾಯ್ತಲ್ಲ ನಮ್ಮಣ್ಣನಿಗೆ ಎಂದು ಅಮ್ಮ ಒಳಗೆ ಹೋದರು.

ಅಕ್ಕನ ಹೆಸರು ರತ್ನ. ಕೆಮಿಸ್ಟ್ರಿ ಲೆಕ್ಚರರ್ ಆಗಬೇಕು ಎಂಬುದು ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಇದ್ದಂತಿರಲಿಲ್ಲ. ಗಂಜಿ ಹಾಕಿದ ಕಾಟನ್ ಸೀರೆ, ಎಡಗೈಯಲ್ಲಿ ಪುಸ್ತಕ. ನಡಿಗೆಯನ್ನಂತೂ ಆಗಲೇ ಅಭ್ಯಾಸ ಮಾಡಿಕೊಂಡಿದ್ದಳು. ಪಾಠ ಮಾಡಲು ಶಿಷ್ಯರು ಬೇಕಲ್ಲ, ಪಿ.ಯು.ಸಿ.ಯಲ್ಲಿ ಇತಿಹಾಸ ಓದುತ್ತಿದ್ದ ನಾನು ಸಿಕ್ಕಿದೆ. ನನ್ನ ತಲೆಗೆ ಹತ್ತಲಿ ಎಂದು ಅವಳು ಎಲ್ಲವನ್ನೂ ನಮ್ಮ ಬೀದಿಯ ಲೆಕ್ಕಕ್ಕೆ ಇಳಿಸಿ ಹೇಳುತ್ತಿದ್ದಳು. ಆಲ್ಕೊಹಾಲ್ ಎಂದರೆ ಮದುವೆಗಿರುವ ಹುಡುಗಿ, ಆಲ್ಡಿಹೈಡ್ ಎಂದರೆ ಮದುವಣಗಿತ್ತಿ, ಆಸಿಡ್ ಎಂದರೆ ಅತ್ತೆ. ನಡುವಿನವಳು ಮದುವಣಗಿತ್ತಿಯಾಗಿಯೇ ಉಳಿಯುವ ಹಾಗಿಲ್ಲ, ಇಂದಲ್ಲ ನಾಳೆ ಅತ್ತೆಯಾಗಲೇಬೇಕು, ಆಗುವಾಗ ಪಕ್ಕದಲ್ಲಿ ಯಾರಿದ್ದಾರೋ ಅವರಿಂದ ಆಕ್ಸಿಜನ್ ಕಿತ್ತುಕೊಂಡೇ ಆಗುತ್ತಾಳೆ. ಇತಿಹಾಸದ ಪರೀಕ್ಷೆಗೆ ಓದಿದ ಯುದ್ಧಗಳೆಲ್ಲ ಮರೆತುಹೋಗಿವೆ, ಈ ಅತ್ತೆ ಸೊಸೆಯರ ಕಥೆ ಮಾತ್ರ ಹಾಗೇ ಇದೆ.

ಬಚ್ಚಲ ಹಂಡೆಯ ಒಲೆಯೇ ಅವಳ ಲ್ಯಾಬು. ತಾಮ್ರದ ತಂತಿಯನ್ನು ಬೆರಳಿಗೆ ಸುತ್ತಿ ಸುರುಳಿ ಮಾಡಿ, ಕೆಂಡದಲ್ಲಿ ಕೆಂಪಗೆ ಕಾಯಿಸಿ ಹೊರಗೆ ತೆಗೆದರೆ ತಂತಿ ಕಪ್ಪಗಾಗುತ್ತಿತ್ತು. ಅದನ್ನು ತಟ್ಟನೆ ಸ್ಪಿರಿಟ್‌ನೊಳಗೆ ಅದ್ದಿದರೆ ಚುಸ್ ಎಂದು, ಕಪ್ಪೆಲ್ಲ ಹೋಗಿ, ಹೊಸ ತಾಮ್ರದ ಬಣ್ಣ. ಜೊತೆಗೆ ಮೂಗಿಗೆ ಹೊಡೆಯುವ, ಕಾಯಿ ಸೇಬಿನಂಥ ಒಂದು ವಾಸನೆ. ಅದೇ ಆಲ್ಡಿಹೈಡು. ಇನ್ನೊಂದು ದಿನ ಸ್ಪಿರಿಟ್ಟಿಗೆ ವಿನೆಗರಿನ ಆಸಿಡ್ ಬೆರೆಸಿ, ಗಂಧಕಾಮ್ಲದ ನಾಲ್ಕು ತೊಟ್ಟು ಬಿಟ್ಟು, ಬಿಸಿನೀರಿನಲ್ಲಿ ಇಟ್ಟಾಗ ಬಚ್ಚಲೆಲ್ಲ ಹಣ್ಣಿನ ಪರಿಮಳ. ಹಣ್ಣು ಯಾರು ತಂದರು ಎಂದು ಅಮ್ಮ ಕೇಳಿಕೊಂಡು ಬಂದರು. ಇಂಜೆಕ್ಷನ್ನಿಗೆ ಮುಂಚೆ ನರ್ಸು ತೋಳಿಗೆ ಸ್ಪಿರಿಟ್ ಒರೆಸಿದರೆ ಎಲ್ಲರಿಗೂ ಸೂಜಿಯ ಭಯ. ನನಗೆ ಆ ಬಚ್ಚಲುಮನೆ ನೆನಪಾಗುತ್ತದೆ.

ಆಲ್ಡಿಹೈಡಿಗೆ ಹಾಗೆ ಆಕ್ಸಿಜನ್ ಕಿತ್ತುಕೊಳ್ಳುವುದಕ್ಕೆ ಅತ್ಯಂತ ಸುಲಭವಾಗಿ ಸಿಗುವುದು ಬೆಳ್ಳಿ. ಬೆಳ್ಳಿಯ ದ್ರಾವಣಕ್ಕೆ ಅಮೋನಿಯ ಹಾಕಿ, ಅದಕ್ಕೆ ಆಲ್ಡಿಹೈಡ್ ಸೇರಿಸಿ ಬೆಚ್ಚಗಿಟ್ಟರೆ, ಬೆಳ್ಳಿ ತನ್ನ ಪಾಡಿಗೆ ತಾನು ಬೇರೆಯಾಗಿ ಗಾಜಿಗೆ ಅಂಟಿಕೊಂಡು ಕನ್ನಡಿಯಾಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಮಾಡಿದ ದಿನ ಅಕ್ಕ ಊಟ ಮಾಡದೆ ಅದರ ಮಾತನ್ನೇ ಆಡಿದ್ದಳು. ಗ್ಲೂಕೋಸಿನಲ್ಲೂ ಆಲ್ಡಿಹೈಡಿನ ಗುಣ ಇದೆ, ಅದರಿಂದ ಇನ್ನೂ ಚೆನ್ನಾಗಿ ಬರುತ್ತದೆ ಎಂದಳು. ಅವರ ಮೇಡಂ ಹೇಳಿದ ಎಚ್ಚರಿಕೆಯನ್ನೂ ಅಂದೇ ಹೇಳಿದ್ದಳು. ಆ ಅಮೋನಿಯ ಬೆರೆಸಿದ ಬೆಳ್ಳಿನೀರನ್ನು ಆಗಿಂದಾಗ್ಗೆ ಮಾಡಿಕೊಳ್ಳಬೇಕು, ಉಳಿದರೆ ಕೂಡಲೇ ಆಸಿಡ್ ಹಾಕಿ ಚೆಲ್ಲಬೇಕು, ಇಟ್ಟರೆ ಅದರೊಳಗೆ ಸಿಡಿಯುವ ವಸ್ತು ಹುಟ್ಟುತ್ತದೆ.

ಇನ್ನು ಅಮ್ಮನ ಗೊಂಬೆಗಳ ವಿಷಯ. ನವರಾತ್ರಿಗೆ ಗೊಂಬೆ ಕೂರಿಸುವುದು ನಮ್ಮೂರಿನಲ್ಲಿ ಇರಲಿಲ್ಲ. ಈ ಬೀದಿಗೆ ಬಂದ ಮೇಲೆ ಅಮ್ಮ ನೋಡಿ ಕಲಿತದ್ದು. ಎದುರು ಮನೆಯಲ್ಲಿ ಒಂಬತ್ತು ಮೆಟ್ಟಿಲ ಗೊಂಬೆ, ಉದ್ಯಾನ, ಕನ್ನಡಿಯ ಕೊಳ. ನಮ್ಮಲ್ಲಿ ಒಂದು ಜೋಡಿ ಪಟ್ಟದ ಗೊಂಬೆ, ಚನ್ನಪಟ್ಟಣದ ನಾಲ್ಕು ಬಣ್ಣದ ಬೊಂಬೆ, ಪೆಟ್ಟಿಗೆಯ ಮೇಲೆ ಪೆಟ್ಟಿಗೆಯಿಟ್ಟು ಬಿಳಿಯ ಪಂಚೆ ಹೊದಿಸಿದ ಮೂರು ಮೆಟ್ಟಿಲು. ಮಕ್ಕಳು ನಮ್ಮ ಮನೆಗೆ ಕೊನೆಗೆ ಬಂದು, ಚರಪಿನ ತಿಂಡಿ ಇಸಿದುಕೊಂಡು ಮೊದಲು ಓಡುತ್ತಿದ್ದರು. ಅಮ್ಮ ಏನೂ ಹೇಳುತ್ತಿರಲಿಲ್ಲ, ಆದರೆ ಅವರ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಆ ವರ್ಷ ಅಕ್ಕ ಮಾತು ಕೊಟ್ಟಳು. ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲದ್ದು ನಮ್ಮಲ್ಲಿ ಇರುತ್ತದೆ, ಗಾಜಿನ ಬಾಟಲಿಗಳಿಗೆ ಒಳಗಿನಿಂದ ಬೆಳ್ಳಿ ಕಟ್ಟಿಸಿ ಸಾಲಾಗಿ ಇಡೋಣ, ದೀಪ ಹಚ್ಚಿದರೆ ಮನೆಯೆಲ್ಲ ಮಿನುಗಬೇಕು.

ಬೆಳ್ಳಿ ಎಲ್ಲಿಂದ? ಅಮ್ಮ ಪೆಟ್ಟಿಗೆಯ ತಳದಿಂದ ಅಕ್ಕ ಮಗುವಾಗಿದ್ದಾಗಿನ ಕಾಲ್ಗೆಜ್ಜೆಯನ್ನು ತೆಗೆದುಕೊಟ್ಟರು. ಜೋಡಿಯಲ್ಲಿ ಒಂದು ಕಳೆದುಹೋಗಿತ್ತು, ಇದ್ದ ಒಂದೂ ತುಂಡಾಗಿತ್ತು. ಅಪ್ಪ ಅಕ್ಕ ಇಬ್ಬರೂ ಪೇಟೆಗೆ ಹೋಗಿ, ಮಾಮೂಲ್‌ಪೇಟೆಯ ಸಂದಿಯೊಂದರಲ್ಲಿ ಹುಡುಕಿ ಆಸಿಡ್ಡು, ಅಮೋನಿಯ ತಂದರು. ಗೆಜ್ಜೆಯನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿದರೆ ನೀರು ನೀಲಿಯಾಯಿತು. ಅಂದರೆ ಬೆಳ್ಳಿಯಲ್ಲಿ ತಾಮ್ರ ಬೆರೆತಿದೆ ಎಂದಳು ಅಕ್ಕ. ಊರಿನ ಅಕ್ಕಸಾಲಿಗೆ ಅಮ್ಮ ಹಾಕಿದ ಶಾಪ ಇಲ್ಲಿ ಬರೆಯುವಂಥದ್ದಲ್ಲ. ಅಕ್ಕ ನಗುತ್ತ ಆ ನೀರಿನಲ್ಲಿ ತಾಮ್ರದ ತಂತಿಯನ್ನು ಇಳಿಬಿಟ್ಟಳು. ಬೆಳಗಾಗುವುದರೊಳಗೆ ಚೊಕ್ಕ ಬೆಳ್ಳಿ ತಂತಿಯ ಸುತ್ತ ಬೇರು ಬಿಟ್ಟಂತೆ ಬೆಳೆದು ಕೂತಿತ್ತು. ಅಮ್ಮ ಅದಕ್ಕೆ ಕೈ ಮುಗಿದರು. ಅದನ್ನು ತೊಳೆದು, ಉಳಿದ ಆಸಿಡ್‌ನಲ್ಲಿ ಮತ್ತೆ ಕರಗಿಸಿ, ಅಮೋನಿಯ ಹಾಕಿ ಅಕ್ಕ ಬೆಳ್ಳಿನೀರು ಮಾಡಿದಳು.

ಅದು ಹಬ್ಬದ ನಡುವಿನ ಶುಕ್ರವಾರ. ಮಧ್ಯಾಹ್ನವೆಲ್ಲ ಬಚ್ಚಲಲ್ಲೇ ಕೂತು ಅಕ್ಕ ಒಂದೊಂದೇ ಬಾಟಲಿಗೆ ಬೆಳ್ಳಿನೀರು, ಗ್ಲೂಕೋಸ್ ನೀರು ಹಾಕಿ, ಬಿಸಿನೀರಿನಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಮೊದಲು ಕಂದು, ಆಮೇಲೆ ಕಪ್ಪು, ಕೆಟ್ಟುಹೋಯಿತು ಎಂದುಕೊಳ್ಳುವಷ್ಟರಲ್ಲಿ ಬೆಳ್ಳಿ. ಅಮ್ಮ ಒಂದು ಬಾಟಲಿಯನ್ನು ಎತ್ತಿ ಅದರಲ್ಲಿ ತಮ್ಮ ಮುಖ ನೋಡಿಕೊಂಡರು. ಮುಖ ಡೊಂಕಾಗಿ, ಮೂಗು ದಪ್ಪವಾಗಿ ಕಂಡಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಮ್ಮ ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅಕ್ಕ ಉಳಿದ ಬೆಳ್ಳಿನೀರಿದ್ದ ಜಾಮಿನ ಬಾಟಲಿ ಹಿಡಿದು ಬಚ್ಚಲಿಗೆ ಹೊರಟಳು. ಅಮ್ಮ ಅಡ್ಡ ನಿಂತರು.

"ಅದರಲ್ಲಿ ಇನ್ನೂ ಬೆಳ್ಳಿ ಇದೆಯೇನೆ?"

"ಇದೆಮ್ಮ. ಆದ್ರೆ ಇಟ್ಕೋಬಾರ್ದು ಇದನ್ನ. ಚೆಲ್ಬೇಕು ಅಂತ ಮೇಡಂ ಹೇಳಿದಾರೆ."

"ಶುಕ್ರವಾರ, ದೀಪ ಹಚ್ಚಿದೀನಿ, ಮನೇಲಿ ದೇವಿ ಕೂತಿದಾಳೆ. ನಿನ್ನ ಕಾಲಲ್ಲಿದ್ದ ಬೆಳ್ಳೀನ ಬಚ್ಚಲಿಗೆ ಸುರೀತೀಯಾ? ನಾಳೆ ಏನಾದ್ರೂ ಮಾಡ್ಕೋ."

ಅಷ್ಟರಲ್ಲಿ ಬಾಗಿಲಲ್ಲಿ ಎದುರು ಮನೆಯವರ ದನಿ ಕೇಳಿತು. ನಮ್ಮ ಗೊಂಬೆ ನೋಡಲು ಅವರು ಬಂದದ್ದು ಅದೇ ಮೊದಲು. ಅಕ್ಕ ಒಂದು ಗಳಿಗೆ ಬಾಟಲಿ ಹಿಡಿದು ನಿಂತಳು. ನಾನು ಪಕ್ಕದಲ್ಲೇ ಇದ್ದೆ. ಆಮೇಲೆ, ಸರಿ ಬಿಡಮ್ಮ ನಾಳೆ ಚೆಲ್ತೀನಿ ಎಂದು ಮುಚ್ಚಳ ತಿರುಗಿಸಿ, ಬಚ್ಚಲ ಗೋಡೆಯ ಗೂಡಿನಲ್ಲಿ ಇಟ್ಟು, ಕೈ ತೊಳೆದು ಕುಂಕುಮದ ಬಟ್ಟಲು ಎತ್ತಿಕೊಂಡು ಹೋದಳು. ಆ ಸಂಜೆ, ಮಾರನೆಯ ಸಂಜೆ ಬೀದಿಯೆಲ್ಲ ನಮ್ಮ ಮನೆಗೆ ಬಂತು. ಯಾರೋ ಬಾಟಲಿಗಳನ್ನು ಬೆಳ್ಳಿಯ ಕಳಶ ಎಂದರು, ಅಮ್ಮ ಅಲ್ಲ ಎನ್ನಲಿಲ್ಲ. ಚೆಲ್ಲಬೇಕಾದ ನಾಳೆ ಹಾಗೇ ಕಳೆದುಹೋಯಿತು.

ಭಾನುವಾರ ಬೆಳಿಗ್ಗೆ ನಾನು ಕಾಫಿ ಬಗ್ಗಿಸುತ್ತಿದ್ದೆ. ಡಬ್ ಎಂದು ಸದ್ದಾಯಿತು. ದೀಪಾವಳಿಗೆ ಮುಂಚೆಯೇ ಬೀದಿಯ ಹುಡುಗರು ಪಟಾಕಿ ಶುರು ಮಾಡಿಕೊಂಡರು ಎಂದು ಬೈದುಕೊಂಡೆ. ಆಮೇಲೆ ಅಮೋನಿಯದ ವಾಸನೆ ಬಂತು. ಗೂಡಿನಲ್ಲಿದ್ದ ಬಾಟಲಿ ನೆನಪಾಗಿ ಅಕ್ಕ ಚೆಲ್ಲಲು ಹೋಗಿದ್ದಳು. ಅಂಚಿನಲ್ಲಿ ಒಣಗಿ ಕಪ್ಪಗೆ ಹೆಪ್ಪುಗಟ್ಟಿತ್ತಂತೆ, ಮುಚ್ಚಳ ತಿರುಗಿಸಿದಳು. ಅಷ್ಟೇ. ಅಮ್ಮ ಹಂಡೆಯ ನೀರನ್ನು ಚೊಂಬು ಚೊಂಬು ಮೊಗೆದು ಅವಳ ಮುಖಕ್ಕೆ ಹೊಯ್ಯುತ್ತಿದ್ದರು, ಸುಮ್ಮನೆ ಹೊಯ್ಯುತ್ತಲೇ ಇದ್ದರು. ಅಕ್ಕ ಕೂಗಲಿಲ್ಲ. ಟವೆಲ್ ಕೊಡಿ ಎಂದು ಮಾತ್ರ ಕೇಳಿದಳು. ಅಪ್ಪ ಆಟೋ ತಂದರು. ಕಣ್ಣಾಸ್ಪತ್ರೆಯ ಡಾಕ್ಟರು ಅಪ್ಪನೊಬ್ಬರನ್ನೇ ಒಳಗೆ ಕರೆದು ಮಾತಾಡಿದರು. ಅಪ್ಪ ಹೊರಗೆ ಬಂದು ಬೆಂಚಿನ ಮೇಲೆ ಕೂತು, ಮೊಳೆ ಜೋಡಿಸುವವರ ಹಾಗೆ ಬೆರಳುಗಳನ್ನು ಸುಮ್ಮನೆ ಆಡಿಸುತ್ತಿದ್ದರು. ಅದರಲ್ಲೇ ನನಗೆ ತಿಳಿಯಿತು.

ಎರಡು ಕಣ್ಣಿಗೂ ಪಟ್ಟಿ ಕಟ್ಟಿದ್ದರು. ನಾನೊಬ್ಬಳೇ ಪಕ್ಕದಲ್ಲಿದ್ದಾಗ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಅಮ್ಮಂಗೆ ಹೇಳ್ಬೇಡ. ಶುಕ್ರವಾರಾನೇ ಚೆಲ್ಲಿದ್ರೆ ಏನೂ ಆಗ್ತಿರ್ಲಿಲ್ಲ ಅಂತ ಯಾವತ್ತೂ ಹೇಳ್ಬೇಡ. ಅಮೋನಿಯ ಜಾಸ್ತಿ ಆಯ್ತು, ನಾನು ಬೆರೆಸಿದ್ದು ತಪ್ಪಾಯ್ತು ಅಂತ ಅಪ್ಪಂಗೆ ಹೇಳಿದೀನಿ."

ನಾನು ಹೂಂ ಎಂದೆ. ಮುಂದೆ ಎಷ್ಟೋ ವರ್ಷಗಳ ಮೇಲೆ ಒಮ್ಮೆ, ಟೀವಿ ನೋಡುತ್ತಾ ಕೂತಿದ್ದಾಗ, ಅಂದರೆ ನಾನು ನೋಡುತ್ತಾ ಅವಳು ಕೇಳುತ್ತಾ, ಅವಳೇ ಇನ್ನೊಂದು ಮಾತು ಹೇಳಿದಳು. ಆ ಸಂಜೆ ಬಾಟಲಿಗೆ ಸಾಕಷ್ಟು ಆಸಿಡ್ ಬೆರೆಸಿ ಇಟ್ಟಿದ್ದರೂ ಸಾಕಿತ್ತು. ಬೆಳ್ಳಿಯೂ ಮನೆಯಲ್ಲೇ ಇರುತ್ತಿತ್ತು, ಕಣ್ಣೂ ಇರುತ್ತಿತ್ತು. ತಂದ ಆಸಿಡ್ಡು ಮುಗಿದಿತ್ತು, ಆದರೆ ಅಡುಗೆಮನೆಯಲ್ಲಿ ನಿಂಬೆಹಣ್ಣಿತ್ತು, ವಿನೆಗರ್ ಇತ್ತು. ಎದುರು ಮನೆಯವರ ದನಿ ಕೇಳಿ ಆಮೇಲೆ ಮಾಡೋಣ ಅನ್ನಿಸಿತಂತೆ.

ಬೆರೆಸಿದ್ದೇ ತಪ್ಪಾಯಿತು ಎಂಬ ಆ ಸುಳ್ಳು ಅಕ್ಕನಿಗೆ ತುಂಬ ದುಬಾರಿಯಾಯಿತು. ಅಮ್ಮ ಅದನ್ನು ನಂಬಿದರು, ನಂಬಿ ಊರಿಗೆಲ್ಲ ಹೇಳಿದರು. ಓದು ತಲೆಗೇರಿತು, ಹೆಂಡದ ಪಾಠ ಓದಿ ಕಣ್ಣು ಕಳೆದುಕೊಂಡಳು, ಗಂಡುಮಕ್ಕಳಿಗೂ ಬೇಡದ ವಿದ್ಯೆ ಹೆಣ್ಣುಮಗಳಿಗೆ ಏಕೆ ಬೇಕಿತ್ತು. ಮನೆಗೆ ಬಂದವರ ಮುಂದೆ, ಅಕ್ಕ ಅಲ್ಲೇ ಗೋಡೆಗೆ ಒರಗಿ ಕೂತಿರುವಾಗಲೇ. ಅಕ್ಕ ಬಾಯಿ ಬಿಡುತ್ತಿರಲಿಲ್ಲ. ಅವಳಿಗೆ ಪ್ರಾಣಕ್ಕಿಂತ ಹೆಚ್ಚಾದದ್ದನ್ನೇ ಅಮ್ಮ ಕಳ್ಳನನ್ನು ಬೈದ ಹಾಗೆ ಬೈಯುತ್ತಿದ್ದರು. ನನಗೆ ರಕ್ತ ಕುದಿಯುತ್ತಿತ್ತು. ನಿಮ್ಮ ಶುಕ್ರವಾರವೇ ಅವಳ ಕಣ್ಣು ತಿಂದದ್ದು ಎಂದು ಒಂದು ಸಲ ಹೇಳಿಬಿಟ್ಟರೆ ಸಾಕು ಎನ್ನಿಸಿ ಎದ್ದು ನಿಂತದ್ದುಂಟು. ಆಗೆಲ್ಲ ಅಕ್ಕ ಒಂದು ಲೋಟ ನೀರು ಕೊಡೆ ಎನ್ನುತ್ತಿದ್ದಳು. ಅವಳಿಗೆ ಬಾಯಾರಿಕೆಯಾಗಿರುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಗೊಂಬೆಗಳನ್ನು ಅಮ್ಮ ಆ ವರ್ಷವೇ ಯಾರಿಗೋ ಕೊಟ್ಟರು. ಬೆಳ್ಳಿ ಬಾಟಲಿಗಳು ಏನಾದವು ಎಂದು ನಾನು ಕೇಳಲಿಲ್ಲ. ಲಕ್ಷ್ಮಿ ಮುನಿದಳು ಎಂದುಕೊಂಡರೋ ಏನೋ, ಶುಕ್ರವಾರದ ನೇಮಗಳು ಮಾತ್ರ ಇನ್ನೂ ಬಿಗಿಯಾದವು. ಅಕ್ಕನ ಡಿಗ್ರಿ ಮುಗಿಯಲಿಲ್ಲ. ನಾನು ಮದುವೆಯಾಗಿ ಹನುಮಂತನಗರಕ್ಕೆ ಬಂದೆ, ಅಪ್ಪ ಹೋದ ಮೇಲೆ ಅಮ್ಮನೂ ಅಕ್ಕನೂ ನನ್ನ ಜೊತೆಗೇ ಬಂದರು. ಆಚೀಚೆ ಮನೆಯ ಕಾಲೇಜು ಮಕ್ಕಳು ಕೆಮಿಸ್ಟ್ರಿ ತಿಳಿಯದೆ ಅಳುವಾಗ ಅಕ್ಕ ಬಾಯಿಮಾತಿನಲ್ಲೇ ಪಾಠ ಹೇಳುತ್ತಾಳೆ. ಆಲ್ಕೊಹಾಲು ಹುಡುಗಿ, ಆಲ್ಡಿಹೈಡು ಮದುವಣಗಿತ್ತಿ, ಆಸಿಡ್ಡು ಅತ್ತೆ. ಬೆಳ್ಳಿ ಕನ್ನಡಿಯ ಪಾಠಕ್ಕೆ ಬಂದರೆ, ಅದನ್ನು ಪುಸ್ತಕದಲ್ಲಿ ಓದಿಕೊಳ್ಳಿ ಎನ್ನುತ್ತಾಳೆ.

ಅಮ್ಮ ತೀರಿಕೊಂಡದ್ದು ಹೋದ ವರ್ಷ. ಕೊನೆಯ ದಿನಗಳಲ್ಲಿ ಅವರ ಹಾಸಿಗೆಯ ಪಕ್ಕ ಹೆಚ್ಚು ಹೊತ್ತು ಕೂತವಳು ಅಕ್ಕನೇ. ನನಗೆ ಅಳು ಬಂತು, ನಿಜ, ಆದರೆ ಅಳುವಿನ ಅಡಿಯಲ್ಲಿ ಆ ಹಳೆಯ ಸಿಟ್ಟು ಬೂದಿ ಮುಚ್ಚಿದ ಕೆಂಡದ ಹಾಗೆ ಇದ್ದೇ ಇತ್ತು.

ಮೊನ್ನೆಯ ಅಡುಗೆಮನೆಗೆ ವಾಪಸು ಬರೋಣ. ಗಾಜಿನ ನಡುವೆ ಪೊರಕೆ ಹಿಡಿದು ನಿಂತಿದ್ದೆನಲ್ಲ. ಅಕ್ಕನ ದನಿ ಮತ್ತೆ ಬಂತು. ಗುಡಿಸುವ ಸದ್ದೇ ಕೇಳುತ್ತಿಲ್ಲವಲ್ಲ, ಯಾಕೆ ಎಂದಳು.

"ದೀಪ ಹಚ್ಚಿದೀನಿ ಅಕ್ಕ. ಶುಕ್ರವಾರ."

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೆ ಕೇಳಿಸಿತು. ಅದು ನನ್ನ ದನಿಯಾಗಿರಲಿಲ್ಲ, ತದ್ವತ್ ಅಮ್ಮನದು. ಅಕ್ಕ ಎದ್ದು ಬಂದು ಅಡುಗೆಮನೆಯ ಹೊಸ್ತಿಲಿನ ಆಚೆಗೆ ನಿಂತಳು. ಬರಿಗಾಲು. ಒಂದು ಹೆಜ್ಜೆ ಈಚೆಗಿಟ್ಟರೆ ಗಾಜು. ಅಲ್ಲೇ ನಿಲ್ಲು ಎಂದೆ. ನಿಂತಳು.

"ಅಮ್ಮ ಕೇಳಿದ್ಲು ಕಣೆ," ಎಂದಳು ಆಮೇಲೆ. "ಹೋಗೋಕೆ ಒಂದೆರಡು ದಿನ ಮುಂಚೆ. ಅವತ್ತು ಶುಕ್ರವಾರ ನಾನು ತಡೀದೆ ಇದ್ದಿದ್ರೆ ನಿನ್ನ ಕಣ್ಣು ಉಳೀತಿತ್ತಾ ರತ್ನ, ಅಂತ."

ನಲವತ್ತು ವರ್ಷಕ್ಕೂ ಮೀರಿ ಓದನ್ನು ಬೈದ ಆ ಬಾಯಿಯ ಹಿಂದೆ ಈ ಪ್ರಶ್ನೆ ಇತ್ತೇ? ಇದನ್ನು ಕೇಳಬೇಕಾಗಿ ಬಂದೀತೆಂಬ ಹೆದರಿಕೆಗೇ ಅಷ್ಟು ಜೋರಾಗಿ ಬೈಯುತ್ತಿದ್ದರೇ? ನೀನೇನು ಹೇಳಿದೆ ಎಂದು ಅಕ್ಕನನ್ನು ಕೇಳಿದೆ.

"ಇಲ್ಲಮ್ಮ ಅಂದೆ. ನಾನು ಬೆರೆಸಿದ್ದೇ ತಪ್ಪು, ಅವತ್ತೇ ಚೆಲ್ಲೋಕೆ ಹೋಗಿದ್ರೂ ಸಿಡೀತಿತ್ತು ಅಂದೆ. ಸುಮ್ನಾದ್ಲು. ನಂಬಿದ್ಲೋ ಇಲ್ವೋ ಗೊತ್ತಿಲ್ಲ. ಮುಖ ನೋಡಿದ್ರೆ ತಿಳೀತಿತ್ತು."

ಅವಳು ಅತ್ತುಕೊಂಡೇನೂ ಹೇಳಲಿಲ್ಲ. ಬಾಗಿಲ ಚೌಕಟ್ಟನ್ನು ಬೆರಳಿನಿಂದ ಸವರುತ್ತಾ ಹೇಳಿದಳು. ಇಷ್ಟು ವರ್ಷ ನಾನು ಜೋಪಾನವಾಗಿ ಕಾಪಾಡಿಕೊಂಡು ಬಂದ ಸಿಟ್ಟನ್ನು ಈಗ ಎಲ್ಲಿಡುವುದು ಎಂದು ನನಗೆ ತಿಳಿಯಲಿಲ್ಲ. ಅಮ್ಮ ಇದ್ದಿದ್ದರೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಬಹುದಿತ್ತು.

"ಗುಡಿಸಿ ಆಚೆ ಹಾಕು," ಎಂದಳು ಅಕ್ಕ. "ದೀಪ ಅದರ ಪಾಡಿಗೆ ಅದು ಇರ್ಲಿ. ಒಂದು ಚೂರೂ ಉಳೀಬಾರ್ದು."

ಗುಡಿಸಿದೆ. ಮೊರದಲ್ಲಿ ಗಾಜು ತುಂಬಿಕೊಂಡು ದೇವರ ಗೂಡಿನ ಮುಂದಿನಿಂದಲೇ ಹಾದು, ಹೊಸ್ತಿಲು ದಾಟಿ, ಶುಕ್ರವಾರ ಮುಸ್ಸಂಜೆ ಅಷ್ಟು ಬೆಳ್ಳಿಯನ್ನು ಬೀದಿಯ ಕಸದ ಡಬ್ಬಕ್ಕೆ ಸುರಿದು ಬಂದೆ. ಎದುರು ಮನೆಯ ಹೆಂಗಸು ನೋಡಿದರು, ನೋಡಲಿ. ಒಳಗೆ ಬಂದಾಗ ಅಕ್ಕ ಹೊಸ್ತಿಲಲ್ಲಿ ಹಾಗೇ ನಿಂತಿದ್ದಳು.

"ಎಲ್ಲಾ ಹೋಯ್ತಾ?"

"ಹೋಯ್ತಕ್ಕ. ಒಂದೂ ಉಳಿದಿಲ್ಲ."

ಹಾಗೆ ಹೇಳಿದ ಮೇಲೆ, ಇನ್ನೊಂದು ನಿಮಿಷ ಅಲ್ಲೇ ಇರು ಎಂದು ಅವಳನ್ನು ತಡೆದು, ಮೊಣಕಾಲೂರಿ ಕೂತು, ನೆಲವನ್ನೆಲ್ಲ ಬರಿ ಅಂಗೈಯಿಂದ ಸವರಿ ನೋಡಿದೆ.